ಹನ್ನೆರಡನೆಯ ಬಲಗಾಲು

ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಫಾದರ್ ಅಲಿಪ್ಯೊ ಆ ಶಿಷ್ಯರ ವೇಷದ ನಮ್ಮ ಹನ್ನೆರಡು ಜನರ ಬಲಗಾಲು ತೊಳೆಯುತ್ತಾರೆ. ಅದಕ್ಕೂ ಮೊದಲು ಚರ್ಚಿನ ಹಿತ್ತಲಲ್ಲಿ ಮುದುಕ ತಿಬೊ ಅವನ್ನು ತೆಂಗಿನ ನಾರಿನಿಂದ ಉಜ್ಜಿ ಬೆಳ್ಳಗೆ ಮಾಡಿರುತ್ತಾನೆ. ಕೊಬ್ಬರಿ ಒಣಗಿಸುವ ಗೂಡಲ್ಲಿ ದುಡಿದು ಮಸಿ ಮೆತ್ತಿದ ಕಾಲನ್ನು ಪಾದ್ರಿಯ ಕೈಗೆ ಕೊಡುವುದುಂಟೆ? ಎಡಗಾಲು ಮಾತ್ರ ಮಸಿಯ ಸಮೇತ ನಿಲುವಂಗಿಯೊಳಗೆ ಅಡಗುತ್ತದೆ. ಅದಕ್ಕೆ ಮೋಕ್ಷವಿಲ್ಲ.

ತಿಬೊ ಚರ್ಚಿನ ಆಳು. ಹುಡುಗನಾಗಿದ್ದಾಗ ಕಾಲರಾದಿಂದ ಉಳಿದವನು, ಸಾಯುವವರೆಗೂ ದೇವರ ಮನೆಯಲ್ಲೇ ದುಡಿಯುತ್ತೇನೆಂದು ಹರಕೆ ಹೊತ್ತ. ಮದುವೆಯಾಗಲಿಲ್ಲ, ಸಂಬಳ ಕೇಳಲಿಲ್ಲ, ಗಂಟೆಗೋಪುರದ ಕೆಳಗೆ ಚಾಪೆ ಹಾಸಿಕೊಂಡು ಮುದುಕನಾದ. ಅವನಿಗೆ ಇದ್ದದ್ದು ಒಂದೇ ಆಸೆ: ಒಂದು ಸಲ ಶಿಷ್ಯರ ಕುರ್ಚಿಯಲ್ಲಿ ಕೂತು ತನ್ನ ಕಾಲು ತೊಳೆಸಿಕೊಳ್ಳಬೇಕು. ಕಾಲ ಕಳೆಯಿತು, ಕಾಲಿಗೆ ನೀರು ಬೀಳಲಿಲ್ಲ.

ಒಂದು ವರ್ಷ, ಮೂವತ್ತು ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಮಾರಿದ ಶಿಷ್ಯ ಯೂದನ ಕುರ್ಚಿ ಖಾಲಿಯಾಯಿತು. ಅದರಲ್ಲಿ ಕೂರುತ್ತಿದ್ದ, ಹಂದಿ ಕಡಿಯುವ ಬೆರ್ನಬೆ, "ಹುಡುಗ್ರು ವರ್ಷವಿಡೀ ಅಂಗಡಿ ಮುಂದೆ ಮೂವತ್ತು ಬೆಳ್ಳಿ ಅಂತ ಕೂಗ್ತಾವೆ, ನಂಗೆ ಬೇಡಪ್ಪ ಈ ಪಾತ್ರ" ಎಂದುಬಿಟ್ಟ.

"ನಾನು ಕೂರ್ಲಾ ಫಾದರ್?" ತಿಬೊ ಕೇಳಿದ.

"ಯೂದ ಆಗ್ತೀಯೇನೋ?"

"ಅವನ ಕಾಲನ್ನೂ ಯೇಸುಸ್ವಾಮಿ ತೊಳೆದ್ರಲ್ಲ."

ಫಾದರ್ ನಕ್ಕು ಒಪ್ಪಿದರು.

ಗುರುವಾರ ಸಂಜೆ ತಿಬೊ ನಮ್ಮನ್ನು ಉಜ್ಜಲು ಕೂತ. ನನ್ನದು ಪೇತ್ರನ ವೇಷ, ಮೊದಲ ಕಾಲು ನನ್ನದೇ.

"ಯೂದ, ಹೆಬ್ಬೆರಳ ಸಂದಿ ಬಿಟ್ಯಲ್ಲೋ," ಎಂದೆ.

"ಸುಮ್ನಿರೋ, ನಮ್ಮನ್ನ ಮಾರಿಬಿಟ್ಟಾನು," ಎಂದ ಯೋಹಾನನ ವೇಷದ ದೋರೊ.

"ನಿಮ್ಮನ್ನ ಯಾರು ಕೊಳ್ತಾರೆ?" ಎನ್ನುತ್ತ ತಿಬೊ ಉಜ್ಜಿದ. ಕೊನೆಯ ಕಾಲು ಒರೆಸುವಷ್ಟರಲ್ಲಿ ಗಂಟೆ ಹೊಡೆಯುವ ಹೊತ್ತಾಯಿತು. ಅದೂ ಅವನದೇ ಕೆಲಸ. ಹೊಡೆದು, ಓಡಿ ಬಂದು, ಏದುಸಿರು ಬಿಡುತ್ತ ಕೊನೆಯ ಕುರ್ಚಿಯಲ್ಲಿ ಕೂತ.

"ಪ್ರೀ...ಯ ಸಹೋದರರೇ, ಒಡೆಯನೇ ಆಳಾ...ದನು," ಎಂದು ಫಾದರ್ ಮೂಗಿನಲ್ಲೇ ರಾಗ ಎಳೆದು ಮಂಡಿಯೂರಿದರು. ನನ್ನ ಕಾಲಿಗೆ ನೀರು, ಮುತ್ತು. ಹಾಗೆಯೇ ಸಾಲು ಮುಗಿಸಿ ತಿಬೊನ ಮುಂದೆ ಬಂದರು. ಅವನು ಕಾಲು ಚಾಚಿದ: ನಮ್ಮ ಕಾಲಿಂದ ಇಳಿದ ಮಸಿ, ಗೋಪುರದ ಪಾರಿವಾಳದ ಹಿಕ್ಕೆ, ಗದ್ದೆಯಂತೆ ಬಿರಿದ ಹಿಮ್ಮಡಿ. ಫಾದರ್ ತಮ್ಮ ಆಯುಷ್ಯದಲ್ಲೇ ಕೊಳೆಯಾದ ಕಾಲನ್ನು ತೊಳೆದವರಲ್ಲ. ಅವರ ಕೈ ನಿಂತಿತು.

"ತೊಳ್ಕೊಂಡು ಬರ್ಲಿಲ್ವಾ?" ಪಿಸುಗುಟ್ಟಿದರು. ಎದೆಯ ಮೈಕು ಅದನ್ನು ಇಡೀ ಚರ್ಚಿಗೆ ಸಾರಿತು.

"ನೀವು ತೊಳೀತೀರಲ್ಲ ಅಂದ್ಕೊಂಡೆ ಫಾದರ್."

ಚರ್ಚಿಗೆ ಚರ್ಚೇ ನಕ್ಕಿತು. ಫಾದರ್ ಕಿವಿ ಕೆಂಪಾಯಿತು. "ಹೋಗು, ಶುದ್ಧವಾಗಿ ಬಾ. ಹಾಗೇ ಈ ಬೋಗುಣಿ ನೀರು ಚೆಲ್ಲು."

ನಮ್ಮೆಲ್ಲರ ಕಾಲಿನ ನೀರು ಹೊತ್ತು ತಿಬೊ ನಡೆದ. "ನೋಡ್ರೋ, ಯೇಸುವಿನ ಕೊನೇ ಊಟದಲ್ಲೂ ಯೂದನೇ ಮೊದಲು ಎದ್ದುಹೋಗಿದ್ದು," ಎಂದು ನಾನು ಅಂದಾಗ ದೋರೊಗೆ ನಗು ತಡೆಯಲಾಗಲಿಲ್ಲ.

ತಿಬೊ ಮರಳಿ ಬಂದಾಗ ಅವನ ಎರಡೂ ಕಾಲು ಸುಲಿದ ಎಳನೀರಿನ ಕಾಯಿಯಂತೆ ಬೆಳ್ಳಗಿದ್ದವು. ಲೆಕ್ಕಕ್ಕೆ ಹನ್ನೆರಡು ಬೇಕಿತ್ತಲ್ಲ. ಅವನ ಕುರ್ಚಿಯಲ್ಲಿ ಬೆರ್ನಬೆ ಕೂತಿದ್ದ, ಶೂ ಬಿಚ್ಚಿ, ಫಾದರ್ ಕೈಯಿಂದ ಕಾಲು ತೊಳೆಸಿಕೊಂಡು. ಪೂಜೆ ಮುಂದಕ್ಕೆ ಸಾಗಿ, ಫಾದರ್ ಪೀಠದಲ್ಲಿ ಪ್ರಸಾದದ ರೊಟ್ಟಿ ಎತ್ತುತ್ತಿದ್ದರು. ತಿಬೊ ಕಂಬದ ಬಳಿ ನಿಂತ.

ಪೂಜೆ ಮುಗಿದು ನಿಲುವಂಗಿ ಒಪ್ಪಿಸಲು ಒಳಕೋಣೆಗೆ ಹೋದೆ. ಫಾದರ್ ಕುರ್ಚಿಯಲ್ಲಿ ಒರಗಿದ್ದರು, ತಿಬೊ ಪಕ್ಕದಲ್ಲಿ ನಿಂತಿದ್ದ. "ಮಂಡಿಯೂರಿ ಊರಿ ಕಾಲು ಹಿಡ್ಕೊಂಡಿದೆ ತಿಬೊ, ಸ್ವಲ್ಪ ಎಣ್ಣೆ ತಿಕ್ಕು. ಬರೋ ವರ್ಷ ನಿನ್ನ ಕೂರ್ಸೋದು ನೋಡೋಣ."

"ಬೇಡ ಫಾದರ್. ಬೆರ್ನಬೆ ಕಾಲನ್ನೂ ನಾನೇ ಉಜ್ಜಿಡ್ತೀನಿ. ಇವತ್ತು ಉಜ್ಜಿಸ್ಕೊಳ್ದೆ ಹಾಗೇ ಬಂದುಬಿಟ್ಟಿದ್ದ."

ಅವನು ನೆಲಕ್ಕೆ ಕೂತು ಅವರ ಬಲಗಾಲಿನ ಶೂ ಬಿಚ್ಚಿದ, ಎಣ್ಣೆ ತಿಕ್ಕಿದ, ಒರೆಸಿದ. ನಂತರ ಕೈ ಚಾಚಿದ.

"ಎಡಗಾಲೂ ಕೊಡಿ ಫಾದರ್."