ಊರ್ಮಿಳಾಗೆ ಹೇಳದ ಆಪರೇಷನ್

ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಶ್ಯಾಮಸುಂದರನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಅದು ಅವನ ಗಂಡಸುತನವನ್ನು ಒಂದೇ ಸಲಕ್ಕೆ ಕಿತ್ತುಕೊಳ್ಳಲಿಲ್ಲ. ಮೊದಮೊದಲು ದೇಹ ಆಗೊಮ್ಮೆ ಈಗೊಮ್ಮೆ ಕೈಕೊಟ್ಟಿತು, ಆಮೇಲೆ ನಿಮಿರುವುದೇ ಪೂರ್ತಿ ನಿಂತುಹೋಯಿತು. ಹೆಂಡತಿ ಊರ್ಮಿಳಾ ಬೇಸರದ ಒಂದು ಮಾತೂ ಆಡಲಿಲ್ಲ. ಅವಳು ಹಾಗೆ ಸುಮ್ಮನಿರುವುದೇ ಅವನಿಗೆ ಸಹಿಸಲಾಗದೆ ಹೋಯಿತು. ಮಗಳು ಸುಕೃತಿ ಮೈಸೂರಿನ ಹಾಸ್ಟೆಲ್ ಸೇರಿದ ಮೇಲೆ, "ರಾತ್ರಿಯೆಲ್ಲ ಬಾತ್‌ರೂಮಿಗೆ ಏಳ್ತಿರ್ತೀನಿ, ನಿನ್ನ ನಿದ್ದೆ ಯಾಕೆ ಹಾಳು" ಎಂದು ಮಗಳ ಕೋಣೆಗೆ ಹಾಸಿಗೆ ಸಾಗಿಸಿದ. ಊರ್ಮಿಳಾ ದಿಂಬಿಗೆ ಒಗೆದ ಕವರ್ ಹಾಕಿಕೊಟ್ಟಳು, ಅಷ್ಟೆ.

ಗಂಡಸುತನಕ್ಕೆಂದು ತೆಗೆದುಕೊಂಡ ಮಾತ್ರೆ ನಾಟಲಿಲ್ಲ, ಇಂಜೆಕ್ಷನ್ನೂ ನಾಟಲಿಲ್ಲ. ಕೊನೆಗೆ ಡಾಕ್ಟರ್ ವೆಂಕಟೇಶಪ್ಪ ನೇರವಾಗಿ ಹೇಳಿದರು.

"ನರಕ್ಕೂ ರಕ್ತನಾಳಕ್ಕೂ ಪೆಟ್ಟು ಬಿದ್ದಿದೆ. ಆಪರೇಷನ್ ಮಾಡಿ ಶಿಶ್ನದ ಒಳಗೆ ಬಗ್ಗೋ ಅಂಥ ಎರಡು ಸರಳು ಕೂರಿಸ್ಬೋದು. ಹೊರಗೆ ಕಾಣಲ್ಲ. ಆದ್ರೆ ಒಂದ್ಸಲ ಕೂರಿಸಿದ್ಮೇಲೆ ಹಳೇ ಸ್ಥಿತಿಗೆ ತರೋಕಾಗಲ್ಲ. ಮೊದ್ಲು ಸಕ್ಕರೆ ಹತೋಟಿಗೆ ಬರ್ಬೇಕು, ಇಲ್ದಿದ್ರೆ ಕೀವಾಗೋ ಭಯ ಜಾಸ್ತಿ. ಮನೆಯವರನ್ನೂ ಕರ್ಕೊಂಡು ಬನ್ನಿ."

"ಅವಳಿಗೆಲ್ಲ ಗೊತ್ತು ಸಾರ್" ಎಂದು ಶ್ಯಾಮಸುಂದರ ಸುಳ್ಳು ಹೇಳಿದ.

ಅಂದಿನಿಂದ ಅನ್ನ ಬಿಟ್ಟ. ಬೆಳಗ್ಗೆ ಟೌನ್‌ಶಿಪ್ಪಿನ ರಸ್ತೆಗಳಲ್ಲಿ ಒಬ್ಬನೇ ಬಿರಬಿರನೆ ನಡೆದ. ಇನ್ಸುಲಿನ್ ತಪ್ಪಿಸಲಿಲ್ಲ. ಹೊಟ್ಟೆ ಕರಗಿ ಬಟ್ಟೆಗಳೆಲ್ಲ ಸಡಿಲವಾದಾಗ ಹೊಸ ಶರ್ಟು ಕೊಂಡ.

"ಯಾರಿಗೋಸ್ಕರ ಇದೆಲ್ಲ?" ಚಪಾತಿ ಬಡಿಸುತ್ತ ಊರ್ಮಿಳಾ ಕೇಳಿದಳು.

"ಆರೋಗ್ಯಕ್ಕೆ ಕಣೇ."

ಅವಳು ಇನ್ನೊಂದು ಚಪಾತಿ ತರಲು ಒಳಗೆ ಹೋದಳು.

ಹೈದರಾಬಾದಿನಲ್ಲಿ ಟ್ರೈನಿಂಗ್ ಎಂದು ಮನೆಯಲ್ಲಿ ಹೇಳಿ ಅವನು ಊರಿನಲ್ಲೇ ಆಸ್ಪತ್ರೆ ಸೇರಿದ. ಅಲ್ಲಿ ನರ್ಸ್ ತಡೆದಳು. "ಜೊತೇಲಿ ಯಾರೂ ಇಲ್ದೆ ಥಿಯೇಟರ್‌ಗೆ ಕಳಿಸಲ್ಲ ಸಾರ್. ಯಾರನ್ನಾದ್ರೂ ಕರೆಸಿ."

ಮೊದಲು ಸಹೋದ್ಯೋಗಿ ವಾದಿರಾಜ ನೆನಪಾದ. ದಿನಾ ಒಂದೇ ಮೇಜಿನಲ್ಲಿ ಊಟ ಮಾಡುವ ಸ್ನೇಹಿತ. ಆದರೆ ಅವನಿಗೆ ಏನಂತ ಹೇಳುವುದು? ತಮ್ಮನಿಗೆ ಹೇಳುವುದಂತೂ ಸಾಧ್ಯವೇ ಇಲ್ಲ. ಇಷ್ಟು ದೊಡ್ಡ ಊರಿನಲ್ಲಿ ಇದನ್ನು ಹೇಳಿಕೊಳ್ಳಲು ತನಗೆ ಒಬ್ಬರೂ ಇಲ್ಲವೆಂಬುದು ಆ ಮಂಚದ ಮೇಲೆ ಕೂತಾಗಲೇ ಅವನಿಗೆ ಅರಿವಾದದ್ದು. ಬೇರೆ ದಾರಿಯಿಲ್ಲದೆ ಊರ್ಮಿಳಾಗೆ ಫೋನ್ ಮಾಡಿ, ಆಸ್ಪತ್ರೆಯಲ್ಲಿದ್ದೇನೆ ಬಾ ಎಂದಷ್ಟೇ ಹೇಳಿದ.

ಹೃದಯಾಘಾತವೇ ಇರಬೇಕೆಂದು ಹೆದರಿ ಅವಳು ಆಟೋದಲ್ಲಿ ಓಡಿಬಂದಳು. ಡಾಕ್ಟರು ಎಲ್ಲವನ್ನೂ ವಿವರಿಸಿದರು. ಆಮೇಲೆ ಅವಳು ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಯಾರೋ ಇನ್ನೊಬ್ಬಳಿದಾಳೆ ಅಂದ್ಕೊಂಡಿದ್ದೆ" ಎಂದಳು. "ಅದಕ್ಕೆ ಮುಂಚೆ, ನಾನೇ ನಿಮಗೆ ಬೇಡವಾದೆ ಅಂದ್ಕೊಂಡಿದ್ದೆ."

"ನಾಚಿಕೆ ಆಗ್ತಿತ್ತು ಊರ್ಮಿಳಾ."

"ನನ್ನ ಹತ್ರಾನಾ?"

ಅಷ್ಟರಲ್ಲಿ ನರ್ಸ್ ಸ್ಟ್ರೆಚರ್ ತಂದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಬಾವು, ನೋವು ಕೆಲವು ವಾರ ಕಾಡಿದವು. ಊರ್ಮಿಳಾ ರಾಗಿ ಗಂಜಿ ಕೊಟ್ಟಳು, ಮಾತ್ರೆ ನೆನಪಿಸಿದಳು. ಗಾಯ ಪೂರ್ತಿ ಮಾಗಿದೆ, ಇನ್ನು ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ ಭಾನುವಾರ ಮಧ್ಯಾಹ್ನ ಅವನು ಅವಳ ಕೋಣೆಯ ಬಾಗಿಲಲ್ಲಿ ನಿಂತ.

"ಎಲ್ಲ ಸರಿಯಾಗಿದೆಯಂತೆ."

"ಕೂತ್ಕೊಳ್ಳಿ" ಎಂದಳು ಅವಳು. ಅವನು ಕೂತ ಮೇಲೆ ಹೇಳಿದಳು. "ನನ್ನ ಮುಟ್ಟು ನಿಂತು ಬಹಳ ದಿನ ಆಯ್ತು. ನಿಮಗೆ ಗೊತ್ತಾ? ಮೈ ಕಾದು ಬೆವರ್ತಿತ್ತು, ಕಿಟಕಿ ತೆಗೆದು ಕೂತಿರ್ತಿದ್ದೆ. ಆ ಕಡೆ ನೀವು ಓಡಾಡೋದು ಕೇಳಿಸ್ತಿತ್ತು. ಕರೀಬೇಕು ಅನ್ನಿಸ್ತಿತ್ತು, ಕರೀಲಿಲ್ಲ."

ಶ್ಯಾಮಸುಂದರನಿಗೆ ಗೊತ್ತಿರಲಿಲ್ಲ. ಅಷ್ಟು ತಿಂಗಳು ತನ್ನ ದೇಹವೊಂದನ್ನೇ ನೋಡಿಕೊಂಡು ಕೂತಿದ್ದ.

"ಈಗ ನನಗೆ ಅದರಲ್ಲಿ ಆಸೆ ಇದೆಯೋ ಇಲ್ವೋ ನನಗೇ ತಿಳೀದು. ನೀವೂ ಕೇಳಲಿಲ್ಲ."

"ಡಾಕ್ಟರಿಗೆ ತೋರಿಸಿದ್ಯಾ?"

"ಇಲ್ಲ."

"ನಾಳೆ ಹೋಗೋಣ. ನಾನೂ ಬರ್ತೀನಿ."

ಅವಳು ಅವನಿಗೆ ಜಾಗ ಬಿಟ್ಟು ಗೋಡೆಯ ಕಡೆಗೆ ಸರಿದು ಮಲಗಿದಳು. ಅವನು ಮಂಚದ ಅಂಚಿನಲ್ಲಿ ಮೈ ಚಾಚಿದ. ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗವಿತ್ತು. ಇಬ್ಬರಿಗೂ ನಿದ್ದೆ ಬರಲಿಲ್ಲ. ಅಂದು ಬೇರೇನೂ ನಡೆಯಲೂ ಇಲ್ಲ.