ವಸಂತಮ್ಮನವರೂ ಶೇಷಪ್ಪನವರೂ

ವಸಂತಮ್ಮನವರು ಯಾರನ್ನಾದರೂ ಬಹುವಚನದಲ್ಲಿ ಮಾತನಾಡಿಸಿದ್ದನ್ನು ಹೆಬ್ಬಗೋಡಿಯಲ್ಲಿ ಯಾರೂ ಕೇಳಿರಲಿಲ್ಲ. ಬಾಡಿಗೆದಾರರು, ಹಾಲಿನವನು, ಕರೆಂಟಿನ ಮೀಟರ್ ನೋಡಲು ಬರುವ ನೌಕರ, ಚುನಾವಣೆಯ ಕಾಲದಲ್ಲಿ ಕೈಮುಗಿದು ಬಾಗಿಲಿಗೆ ಬರುವ ಅಭ್ಯರ್ಥಿ, ಕಡೆಗೆ ದೇವರ ಗೂಡಿನಲ್ಲಿ ಕುಳಿತ ಮುನೇಶ್ವರ, ಎಲ್ಲರೂ ಅವರ ನಾಲಗೆಯ ಮೇಲೆ ಸಮಾನರು; ಎಲ್ಲರಿಗೂ ಒಂದೇ ‘ಬಾರೋ’, ಒಂದೇ ‘ಓಗೋ’. ಅದರಲ್ಲಿ ಅನಾದರದ ಲೇಶವೂ ಇರಲಿಲ್ಲವೆಂದು ತಿಳಿಯಲು ಹೊಸಬರಿಗೆ ಕೊಂಚ ಕಾಲ ಹಿಡಿಯುತ್ತಿತ್ತು. ಅವರ ಕಟ್ಟಡದ ಮೊದಲ ಮಹಡಿಗೆ ನಾನು ಬಾಡಿಗೆಗೆ ಬಂದ ದಿನ, ಕಾಲೇಜಿನಲ್ಲಿ ಕನ್ನಡ ಕಲಿಸುವವನೆಂದು ಯಾರೋ ಹೇಳಿದ್ದನ್ನು ಕೇಳಿ, ಮೆಟ್ಟಿಲ ಕೆಳಗಿನಿಂದಲೇ ಕೂಗಿದರು: “ಮೇಷ್ಟ್ರೇ, ಸಾಮಾನು ಆಮೇಲೆ ಜೋಡಿಸ್ಕೋ. ಕೆಳೀಕ್ ಬಾರೋ, ಕಾಪಿ ಕುಡಿ.” ಸಂಬೋಧನೆಯಲ್ಲಿ ಗೌರವ, ಕ್ರಿಯಾಪದದಲ್ಲಿ ಸಲಿಗೆ; ವ್ಯಾಕರಣ ಕಲಿಸಿ ಹೊಟ್ಟೆ ಹೊರೆಯುವ ನಾನು ಆ ವಾಕ್ಯವನ್ನು ಅರಗಿಸಿಕೊಳ್ಳುವ ಮೊದಲೇ ಕಾಫಿ ಕುಡಿದು ಮುಗಿಸಿದ್ದೆ.

ಅರವತ್ತು ದಾಟಿದ, ಎತ್ತರದ, ಒಣಗಿದ ಹುಣಸೆಯ ಕೊರಡಿನಂಥ ಮೈಕಟ್ಟು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿಯೊಂದನ್ನು ಸದಾ ತೊಟ್ಟಿರುತ್ತಿದ್ದರು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಬಿಸಿಲಿಗೂ ಮುಳ್ಳಿಗೂ ಹಾಗೆ ತೊಡುವುದುಂಟು. ಇವರ ಹೊಲವಾದರೋ ಕಟ್ಟಡಗಳಾಗಿ ಎಷ್ಟೋ ಕಾಲವಾಗಿತ್ತು. ಅವರೆ ಬಳ್ಳಿ ಹಬ್ಬುತ್ತಿದ್ದ ಜಾಗದಲ್ಲಿ ಈಗ ಎಲೆಕ್ಟ್ರಾನಿಕ್ ಸಿಟಿಯ ಪಾಳಿಗಳಿಗೆ ಓಡುವವರು ಬೈಕು ನಿಲ್ಲಿಸುತ್ತಾರೆ. ಆದರೂ ಅಂಗಿ ಹೋಗಲಿಲ್ಲ, ಹೊಲದ ಬದುವಿನ ಮೇಲೆ ನಡೆದು ಕಲಿತ ಆ ಬೀಸುನಡಿಗೆಯೂ ಹೋಗಲಿಲ್ಲ. ಮಗ ಶಿವಶಂಕರ್ ಕಟ್ಟಡಕ್ಕೆ ಲಿಫ್ಟು ಹಾಕಿಸಿದಾಗ ಅದನ್ನು ‘ಡಬ್ಬ’ ಎಂದು ಕರೆದವರು, ಅದರೊಳಗೆ ಕಾಲಿಡದೆ, ರಾಗಿ ಒಣಗಿಸುವ ಮೊರವನ್ನು ಸೊಂಟಕ್ಕಾನಿಸಿ ಮೆಟ್ಟಿಲಲ್ಲೇ ತಾರಸಿಗೆ ಹತ್ತುತ್ತಿದ್ದರು. ಕೂರುವುದು ಅವರಿಗೆ ಆಗದು. ಊಟವನ್ನು ಬಿಟ್ಟರೆ ಮಿಕ್ಕೆಲ್ಲ ವ್ಯವಹಾರವೂ ನಿಂತೇ.

ಹೋದ ವರ್ಷ ಒಂದು ಭಾನುವಾರ, ಪಕ್ಕದ ಖಾಲಿ ನಿವೇಶನದಲ್ಲಿ ಪ್ರಾಣಿರಕ್ಷಣೆಯ ತಂಡವೊಂದು ಅನಾಥ ನಾಯಿಗಳನ್ನು ದತ್ತು ಕೊಡುವ ಶಿಬಿರ ನಡೆಸಿತು. ಅವರ ವ್ಯಾನು ನಮ್ಮ ಗೇಟಿಗೆ ಅಡ್ಡವಾಗಿ ನಿಂತಿತ್ತು. ವಸಂತಮ್ಮನವರು ಅಂಗಿಯ ತೋಳು ಮಡಿಸಿದರು. “ನೀನೂ ಬಾರೋ ಮೇಷ್ಟ್ರೇ, ಇಂಗ್ಲೀಷ್‌ನಾಗೆ ಬಯ್ಯಬೇಕಾದ್ರೆ ಬೇಕಾಯ್ತದೆ,” ಎಂದು ನನ್ನನ್ನೂ ಹೊರಡಿಸಿದರು.

ಬಯ್ಯುವ ಅವಕಾಶವೇ ಬರಲಿಲ್ಲ. ಶಿಬಿರದ ಉಸ್ತುವಾರಿಯಲ್ಲಿದ್ದ ಸುಮಂಗಲಾ ಎಂಬ ಹುಡುಗಿ, ವಾರವಿಡೀ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು ರಜೆಯನ್ನೆಲ್ಲ ನಾಯಿಗಳಿಗೆ ಒಪ್ಪಿಸಿದವಳು, ಮೊದಲ ಮಾತಿಗೇ “ಸಾರಿ ಆಂಟಿ, ಈಗ್ಲೇ ತೆಗೆಸ್ತೀನಿ” ಎಂದುಬಿಟ್ಟಳು. ಜಗಳ ಸಿಗದೆ ಬರಿಗೈಯಾದ ವಸಂತಮ್ಮನವರು ಸುತ್ತ ನೋಡಿದರು. ಜನವೆಲ್ಲ ಮರಿಗಳ ಬುಟ್ಟಿಗಳಿಗೆ ಮುತ್ತಿತ್ತು. ಆಚೆ ಮೂಲೆಯಲ್ಲಿ, ಗೋಣಿಯ ಮೇಲೆ, ಮೂತಿ ಪೂರ್ತಿ ನರೆತ ದೊಡ್ಡ ಕಂದು ನಾಯಿಯೊಂದು ಯಾರ ಕಡೆಗೂ ತಿರುಗದೆ ಮಲಗಿತ್ತು.

“ಅವ್ನು ಯಾಕಮ್ಮಿ ಅಂಗೆ ಬಿದ್ದವ್ನೆ?”

“ಅದು ಸೀಸರ್, ಆಂಟಿ. ತುಂಬಾ ವಯಸ್ಸಾಗಿದೆ. ಹಾರ್ಟ್ ದೊಡ್ಡದಾಗಿದೆ, ಹಿಂಗಾಲು ವೀಕು, ಒಂದು ಕಣ್ಣು ಕಾಣಲ್ಲ. ಯಾರೂ ತಗೊಳ್ಳಲ್ಲ ಅಂತ ಗೊತ್ತು, ಸುಮ್ನೆ ಗಾಳಿಗೆ ಅಂತ ಕರ್ಕೊಂಡು ಬಂದ್ವಿ.” ಕೊಂಚ ತಡೆದು ಅವಳೇ ಮುಂದುವರಿಸಿದಳು: “ಬೊಮ್ಮಸಂದ್ರದ ಕಡೆ ಒಂದು ಗ್ರಾನೈಟ್ ಫ್ಯಾಕ್ಟರಿ ಕಾಯ್ತಿತ್ತು. ಫ್ಯಾಕ್ಟರಿ ಮುಚ್ಚಿದಾಗ ಮೆಷಿನ್ ಎಲ್ಲಾ ಲಾರೀಲಿ ಹಾಕ್ಕೊಂಡು ಹೋದ್ರು, ಇದನ್ನ ಬಿಟ್ಬಿಟ್ರು. ನಾವು ಹೋದಾಗ ಬೀಗ ಹಾಕಿದ ಗೇಟ್ ಮುಂದೆ ಹಂಗೇ ಕೂತಿತ್ತು.”

ವಸಂತಮ್ಮನವರು ಮಡಿಸಿದ್ದ ತೋಳುಗಳನ್ನು ಕೆಳಗಿಳಿಸಿದರು. ಆಮೇಲೆ ನಾಯಿಯ ಬಳಿ ಹೋಗಿ, ಮೊಣಕಾಲಿಗೆ ಕೈಯೂರಿ ಬಗ್ಗಿ, ನೆಂಟರ ಮನೆಯ ಹಿರಿಯರನ್ನು ಎಬ್ಬಿಸುವವರ ದನಿಯಲ್ಲಿ ಹೇಳಿದರು:

“ಏಳಿ ಶೇಷಪ್ಪನೋರೆ. ಮನೆಗೆ ಓಗಾಣ.”

ಸೀಸರ್ ಎಂಬುದು ಅವರ ಕಿವಿಗೆ ಹಾಗೆ ಕೇಳಿಸಿತ್ತೋ, ಇಲ್ಲವೇ ಅಂಥ ವೃದ್ಧರಿಗೆ ಅದೇ ತಕ್ಕ ಹೆಸರೆಂದು ಅವರೇ ತೀರ್ಮಾನಿಸಿದ್ದರೋ ಇವತ್ತಿಗೂ ನನಗೆ ತಿಳಿಯದು. ನಾಯಿ ಒಂದು ಕಣ್ಣಿನಿಂದ ಅವರನ್ನು ದಿಟ್ಟಿಸಿ, ಹಿಂಗಾಲುಗಳನ್ನು ಒಂದೊಂದಾಗಿ ಒಟ್ಟುಮಾಡಿಕೊಂಡು, ಎದ್ದು ನಿಂತಿತು. ತಂಡದವರು ಬಂದು ಮನೆ ನೋಡಿ ಒಪ್ಪಿದ ಮೇಲೆ ಶೇಷಪ್ಪನವರು ನಮ್ಮ ಕಟ್ಟಡದ ನಿವಾಸಿಯಾದರು.

ಶಿವಶಂಕರ್‌ಗೆ ಇದು ಸರಿಬರಲಿಲ್ಲ. ಕೆಳಗಡೆ ಹಾರ್ಡ್‌ವೇರ್ ಅಂಗಡಿ ನಡೆಸುವ, ತಾಯಿಯನ್ನು ಕಂಡರೆ ಪ್ರೀತಿಯೂ ಅಂಜಿಕೆಯೂ ಸಮಪ್ರಮಾಣದಲ್ಲಿರುವ ಸಾಧು ಮನುಷ್ಯ ಅವನು. “ನಾಯಿ ಬೇಕಂದ್ರೆ ಒಳ್ಳೆ ಜಾತಿ ಮರಿ ತಂದ್ಕೊಡ್ತಿದ್ದೆ ಕಣಮ್ಮ. ಇದಕ್ಕೆ ನೀನು ಒಗ್ಗಿಕೊಳ್ಳೋಷ್ಟ್ರಲ್ಲಿ ಇದು ಹೋಗ್ಬಿಡುತ್ತೆ. ಆಮೇಲೆ ಅಳೋದು ಯಾರು?” ಎಂದ.

“ನಾನೇ ಅಳ್ತೀನಿ. ನಿನ್ನೇನು ಕರೆಯಾಕಿಲ್ಲ,” ಎಂದರು ತಾಯಿ.

ಹಿಂದಿನ ಕೋಣೆಯಲ್ಲಿ ರಾಯಚೂರು ಸೀಮೆಯಿಂದ ಬಂದ ಮಹಾದೇವಿ ಗಂಡನೊಡನೆ ಇದ್ದಳು. ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು. ಅವಳಿಗೆ ನಾಯಿಯ ಬಗ್ಗೆ ತಕರಾರಿರಲಿಲ್ಲ, ವ್ಯಾಕರಣದ ಬಗ್ಗೆ ಇತ್ತು. ಒಂದು ಬೆಳಗ್ಗೆ ನಲ್ಲಿಯ ಬಳಿ ಕೇಳಿಯೇಬಿಟ್ಟಳು: “ಅಲ್ರೀ ಅಮ್ಮಾರ, ನಾಯಿಗೆ ಬರ್ರಿ, ಕುಂದರ್ರಿ ಅನ್ನಂಗ ಮಾತಾಡ್ತೀರಿ. ನನ್ನ ಗಂಡಗ ಮಾತ್ರ ಬಾರೋ, ಹೋಗೋ ಅಂತೀರಲ್ರೀ?”

“ನಿನ್ ಗಂಡಂಗೆ ಅಂತಾ ವಯಸ್ಸೇನಾಗೈತೆ? ಅವ್ನೂ ಮುದುಕ ಆಗ್ಲಿ, ಅವಾಗ ನೋಡಾಣ.”

ಮಹಾದೇವಿ ಬಿಂದಿಗೆ ಕೆಳಗಿಟ್ಟು ನಕ್ಕಳು. ಅಂದಿನಿಂದ ಅವಳೂ ಕೆಲಸಕ್ಕೆ ಹೊರಡುವಾಗ ‘ಬರ್ತೀನ್ರಿ ಶೇಷಪ್ಪಾರ’ ಎಂದು ಹೇಳಿಯೇ ಹೋಗತೊಡಗಿದಳು.

ಶೇಷಪ್ಪನವರಿಗೆ ಮೆಟ್ಟಿಲು ಹತ್ತಲಾಗದು, ಕೀಲುನೋವಿಗೆ ಬಿಸಿಲೂ ಬೇಕು. ಹೀಗಾಗಿ ವಸಂತಮ್ಮನವರು ಒಂದು ಚಳಿಯ ಬೆಳಗ್ಗೆ ಮುನೇಶ್ವರನ ಹೆಸರು ಹೇಳಿಕೊಂಡು ಡಬ್ಬದೊಳಗೆ ಕಾಲಿಟ್ಟರು. ಒಂದು ಕೈ ನಾಯಿಯ ಕೊರಳಿನ ಮೇಲೆ, ಇನ್ನೊಂದು ಗೋಡೆಯ ಮೇಲೆ, ಕಣ್ಣು ಬಿಗಿಯಾಗಿ ಮುಚ್ಚಿ. ನಾಯಿಯಾದರೋ ಹುಟ್ಟಿದಾಗಿನಿಂದ ಲಿಫ್ಟಿನಲ್ಲೇ ಓಡಾಡಿದಂತೆ ನೆಮ್ಮದಿಯಾಗಿ ನಿಂತಿತ್ತು. ತಾರಸಿಯ ಮೇಲೆ ಒಣಗುವ ರಾಗಿಯ ಪಕ್ಕದಲ್ಲಿ ಅದು ಮೈಚಾಚುತ್ತಿತ್ತು. ದೂರದ ಕಂಬಗಳ ಮೇಲೆ ಮೆಟ್ರೋ ಜಾರಿಹೋದಾಗಲೆಲ್ಲ ತಲೆಯೆತ್ತಿ, ಅದು ಮರೆಯಾಗುವ ತನಕ ನೋಡಿ, ತನ್ನ ಪಾಲಿನ ಕಾವಲು ಮುಗಿಯಿತೆಂಬಂತೆ ಮತ್ತೆ ಮೂತಿ ಊರುತ್ತಿತ್ತು. ನಾಯಿಯ ಹೃದಯದ ಮಾತ್ರೆಯ ಹೊತ್ತಿಗೇ ವಸಂತಮ್ಮನವರು ತಮ್ಮ ರಕ್ತದೊತ್ತಡದ ಮಾತ್ರೆಯನ್ನೂ ನುಂಗುವುದನ್ನು ಕಂಡು ಶಿವಶಂಕರ್ ಮೊದಲ ಬಾರಿಗೆ ಆ ಪ್ರಾಣಿಯನ್ನು ಕೃತಜ್ಞತೆಯಿಂದ ನೋಡಿದ. ಅದುವರೆಗೆ ಆ ಮಾತ್ರೆಗಳು ತುಳಸಿಕಟ್ಟೆಯ ಮಣ್ಣಿಗೆ ಸೇರುತ್ತಿದ್ದವೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಳೆಗಾಲ ಹತ್ತಿರವಾದಾಗ ಶೇಷಪ್ಪನವರು ಊಟ ಬಿಟ್ಟರು. ತಟ್ಟೆಯ ಬಳಿ ಬರುವುದು, ಮೂಸುವುದು, ಬಾಯಿ ಹಾಕಿ ನೋವಿಗೆ ಹಿಂದೆಗೆಯುವುದು. ಹಲ್ಲುಗಳು ಕೊಳೆತು ವಸಡು ಕೀವುಗಟ್ಟಿತ್ತು. ಪಶುವೈದ್ಯ ಡಾಕ್ಟರ್ ಹರ್ಷವರ್ಧನ್ ಮುಚ್ಚಿಡದೆ ಹೇಳಿದರು: “ಹಲ್ಲು ತೆಗೀಲೇಬೇಕು ಅಮ್ಮ. ಅದಕ್ಕೆ ಅನಸ್ತೇಶಿಯಾ ಕೊಡ್ಬೇಕು. ಈ ಹಾರ್ಟ್ ಅದನ್ನ ತಡೆಯುತ್ತೆ ಅಂತ ನಾನು ಗ್ಯಾರಂಟಿ ಕೊಡಕ್ಕಾಗಲ್ಲ. ತೆಗೀದಿದ್ರೆ ತಿನ್ನೋದು ಪೂರ್ತಿ ನಿಂತೋಗುತ್ತೆ.”

“ಇರೋಷ್ಟು ದಿನ ಇರ್ಲಿ ಬಿಡಮ್ಮ,” ಎಂದ ಶಿವಶಂಕರ್, ಮೆಲ್ಲಗೆ. “ಈ ವಯಸ್ಸಲ್ಲಿ ಯಾಕೆ ಹಿಂಸೆ?”

“ಅಸ್ಕೊಂಡು ಇರೋದು ಒಂದು ಇರೋದೇನ್ಲಾ?” ಎಂದ ವಸಂತಮ್ಮನವರು ಡಾಕ್ಟರ ಕಡೆ ತಿರುಗಿದರು. “ನಿನ್ ಕೈ ನಡುಗ್ತದಾ?”

“ಇಲ್ಲಮ್ಮ.”

“ಅಂಗಾದ್ರೆ ಮಾಡು.”

ಎದೆಗೆ ಬೇಕಾದ ಔಷಧಗಳನ್ನು ಸರಿದೂಗಿಸಿ, ಕೆಲವು ದಿನಗಳ ಮೇಲೆ ಡಾಕ್ಟರು ನಾಯಿಯನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಕರೆದುಕೊಂಡರು. ಜೊತೆಗೆ ಹೋಗಿದ್ದ ನನ್ನ ಪಕ್ಕದಲ್ಲಿ, ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ವಸಂತಮ್ಮನವರು ಕುಳಿತರು. ಶಿವಶಂಕರ್ ಕಾಫಿ ತಂದ, ಅವರು ಕುಡಿಯಲಿಲ್ಲ. ಅಂಗಿಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಬಹಳ ಹೊತ್ತಾದ ಮೇಲೆ ನನ್ನ ಕಡೆ ನೋಡದೆಯೇ ಹೇಳಿದರು: “ಆ ಗೇಟ್ ಅತ್ರ ಎಷ್ಟು ಕಾಯ್ದ್ರೋ ಏನೋ, ಮೇಷ್ಟ್ರೇ. ಯಾರೂ ಬರ್ಲಿಲ್ಲ. ಈಗ ಎಚ್ಚರ ಆದಾಗ ನಾನು ಕಾಣ್ಬೇಕು. ಅಷ್ಟೇ.”

ಬಾಗಿಲು ತೆರೆದು ಡಾಕ್ಟರು ಆಯಿತೆಂಬಂತೆ ತಲೆಯಾಡಿಸಿದ್ದೇ ತಡ, ವಸಂತಮ್ಮನವರು ಒಳಗಿದ್ದರು. ನಾಯಿ ಇನ್ನೂ ಅಮಲಿನಲ್ಲಿತ್ತು. ಅವರು ಅದರ ಕಾಣುವ ಕಣ್ಣಿನ ಪಕ್ಕಕ್ಕೇ ಸ್ಟೂಲು ಎಳೆದುಕೊಂಡು ಕುಳಿತರು. ಕಣ್ಣು ಅರ್ಧ ತೆರೆಯಿತು, ಅಲೆಯಿತು, ಅವರ ಮೇಲೆ ನಿಂತಿತು. ಮೇಜಿನ ತಗಡಿಗೆ ಬಾಲ ಮೆಲ್ಲಗೆ ಬಡಿಯತೊಡಗಿತು.

“ಎದ್ರಾ?” ಎಂದರು ವಸಂತಮ್ಮನವರು. ಶಿವಶಂಕರ್ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡ. ಅಳಲು ಅವನನ್ನು ಯಾರೂ ಕರೆದಿರಲಿಲ್ಲ.

ಹಲ್ಲಿಲ್ಲದ ಬಾಯಿಗೆ ಏನು ಕೊಡುವುದು? ಡಾಕ್ಟರು ಹೇಳಿದ ತೆಳು ಗಂಜಿಯನ್ನು ಶೇಷಪ್ಪನವರು ಮುಖ ತಿರುಗಿಸಿ ತಿರಸ್ಕರಿಸಿದರು. ವಸಡು ಮಾಯುತ್ತ ಬಂದ ಮೇಲೆ ಒಂದು ಮಧ್ಯಾಹ್ನ ವಸಂತಮ್ಮನವರು ನೆಲದ ಮೇಲೆ ಕುಳಿತು ಮುದ್ದೆ ಉಣ್ಣುತ್ತಿದ್ದಾಗ ತಾವಾಗಿಯೇ ಬಂದು ಅವರ ತೊಡೆಗೆ ಮೂತಿ ಆನಿಸಿದರು. ಅವರು ನೆಲ್ಲಿಕಾಯಿ ಗಾತ್ರದ ಮೆದು ಉಂಡೆಯೊಂದನ್ನು ಮುರಿದು, ಉಪ್ಪು ಹಾಕದೆ ಕೋಳಿ ಬೇಯಿಸಿದ ನೀರಿನಲ್ಲಿ ಅದ್ದಿ ಹಿಡಿದರು. ಉಂಡೆ ಒಳಗೆ ಹೋಯಿತು, ಗಂಟಲು ಒಮ್ಮೆ ಆಡಿತು, ಬಾಯಿ ಮತ್ತೆ ತೆರೆಯಿತು.

“ನೋಡ್ಲಾ ಶಂಕ್ರ, ಎಂಗೆ ನುಂಗ್ತಾವ್ರೆ! ಮುದ್ದೆಗೆ ಅಲ್ಲು ಯಾಕೆ ಬೇಕು? ನಿಂಗೆ ಇಷ್ಟು ವಯಸ್ಸಾದ್ರೂ ಬರಾಕಿಲ್ಲ, ದನ ಮೆಯ್ದಂಗೆ ಅಗೀತೀಯ.”

ಶೇಷಪ್ಪನವರು ಈಗ ಮೈ ತುಂಬಿಕೊಂಡಿದ್ದಾರೆ. ಹಿಗ್ಗಿದ ಹೃದಯ ಕುಗ್ಗುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಕೆಲವು ದಿನ ಉಸಿರು ಜೋರಾಗುತ್ತದೆ, ಅಂದು ವಸಂತಮ್ಮನವರು ಬೇರೆ ಕೆಲಸ ಬಿಟ್ಟು ಪಕ್ಕದಲ್ಲಿ ಕುಳಿತು ಬೆನ್ನು ಸವರುತ್ತಾರೆ. ಮರುದಿನ ಉಸಿರು ತಹಬಂದಿಗೆ ಬಂದರೆ ಇಬ್ಬರೂ ತಾರಸಿಯಲ್ಲಿರುತ್ತಾರೆ.

ಮೊನ್ನೆ ಸುಮಂಗಲಾ ಮತ್ತೊಂದು ಶಿಬಿರಕ್ಕೆ ವಸಂತಮ್ಮನವರನ್ನು ಕರೆದಿದ್ದಳು. ಹೊಸದಾಗಿ ಮದುವೆಯಾದ ಜೋಡಿಯೊಂದು ಮೂರು ಕಾಲಿನ ಮುದಿ ಹೆಣ್ಣುನಾಯಿಯ ಮುಂದೆ ನಿಂತು ಅನುಮಾನಿಸುತ್ತಿತ್ತು. “ಇದು ಇನ್ನೆಷ್ಟು ದಿನ ಬದುಕುತ್ತೆ ಆಂಟಿ?” ಎಂದು ಹುಡುಗ ಕೇಳಿದ.

“ನೀನು ಎಷ್ಟು ದಿನ ಬದುಕ್ತೀಯ ಅಂತ ಕೇಳ್ಕೊಂಡು ಇವ್ಳು ನಿನ್ನ ಕಟ್ಕೊಂಡ್ಳಾ?”

ಹುಡುಗಿ ಮೊದಲು ನಕ್ಕಳು, ಆಮೇಲೆ ಹುಡುಗ. ಆ ನಾಯಿ ಅವರ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಹೊಸೂರು ರಸ್ತೆಯ ಕಡೆ ಹೋಯಿತು.

ನಮ್ಮಲ್ಲಿ ಬಹುಪಾಲು ಜನ ಪ್ರೀತಿಸುವ ಮೊದಲು ಆಯುಷ್ಯ ವಿಚಾರಿಸುವವರು; ಮುಂದೆ ಬರಲಿರುವ ದುಃಖಕ್ಕೆ ಹೆದರಿ, ಎದುರಿಗೆ ಬಂದು ನಿಂತ ಸುಖವನ್ನು ಬಾಗಿಲ ಹೊರಗೇ ನಿಲ್ಲಿಸಿ ಮಾತನಾಡಿಸುವವರು. ವಸಂತಮ್ಮನವರ ಜಾತಿಯವರು ಬೇರೆ. ಸಾವು ಬರುತ್ತದೆಂಬುದು ಅವರಿಗೂ ಗೊತ್ತು, ಬಂದಾಗ ಅವರು ಎಲ್ಲರಿಗಿಂತ ಗಟ್ಟಿಯಾಗಿ ಅಳುತ್ತಾರೆ ಕೂಡ. ಆದರೆ ಅದು ಬರುವ ತನಕ ಒಲೆಯ ಮೇಲೆ ನೀರು ಕುದಿಯುತ್ತಿರುತ್ತದೆ, ಹಿಟ್ಟು ಬೀಳುತ್ತಿರುತ್ತದೆ, ಮತ್ತು ಹಸಿದು ಬಂದವರು ಯಾರೇ ಆಗಿರಲಿ, ಇಂಥವರ ಮನೆಯಲ್ಲಿ ಅದು ಊಟದ ಹೊತ್ತಾಗಿರುತ್ತದೆ.