ಸೀರೆಗಳ ನಡುವೆ ಇಲೊಕಾನೋ, ಸ್ವಾಹಿಲಿ

ವಿಭಾಳಿಗೆ ಬೇಕಾಗಿದ್ದದ್ದು ನಲವತ್ತು ಪದ, ಎರಡು ಭಾಷೆ, ಸದ್ದಿಲ್ಲದ ಒಂದು ಮೂಲೆ. ಫಿಲಿಪೀನ್ಸಿನ ಉತ್ತರ ಭಾಗದ ಇಲೊಕಾನೋ, ಪೂರ್ವ ಆಫ್ರಿಕಾದ ಸ್ವಾಹಿಲಿ, ಇವೆರಡರಲ್ಲೂ ಏಕವಚನ ಬಹುವಚನವಾಗುವ ಬಗೆಯನ್ನು ಹೋಲಿಸಿ, ಧ್ವನಿಮುದ್ರಣದ ಸಮೇತ ಭಾನುವಾರ ಸಂಜೆ ಐದರೊಳಗೆ ಕಾಲೇಜಿಗೆ ಕಳಿಸಬೇಕಿತ್ತು. ಚೆನ್ನಾಗಿ ಬಂದರೆ ಬೇಸಿಗೆಗೆ ಪ್ರೊಫೆಸರರ ಲ್ಯಾಬಿನಲ್ಲಿ ಜಾಗ. ಪ್ರತಿ ಪದವನ್ನೂ ಆ ಭಾಷೆಯಲ್ಲೇ ಬೆಳೆದವರು ಎರಡು ಸಲವಾದರೂ ಹೇಳಿರಬೇಕು. ಬೇರೆಯವರ ದನಿ ಒಂದು ಸೇರಿದರೂ ಇಡೀ ಕೆಲಸ ವಾಪಸು.

ಇಲೊಕಾನೋಗೆ ಪಕ್ಕದ ಮನೆಯ ವಿರ್ಜೀಲಿಯೋ ಸಿಕ್ಕರು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ಅಂದೇ ಮಧ್ಯಾಹ್ನದ ವಿಮಾನಕ್ಕೆ ಮೂರು ತಿಂಗಳ ಮಟ್ಟಿಗೆ ಊರಿಗೆ ಹೊರಟಿದ್ದರು. ಸ್ವಾಹಿಲಿಗೆ ಮೊಂಬಾಸಾದ ಹಮೀಸಿ. ವಿರ್ಜೀಲಿಯೋರನ್ನು ಏರ್‌ಪೋರ್ಟಿಗೆ ಬಿಟ್ಟು, ಹಾಗೇ ಹತ್ತಿರದ ಡ್ಯಾನ್‌ವಿಲ್‌ನಲ್ಲಿ ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೋಗುವವರು ಇವರು. ಇಬ್ಬರೂ ವಿಭಾಳ ಅಪ್ಪ ದ್ವಾರಕಾನಾಥರ ವಾಕಿಂಗ್ ಗೆಳೆಯರು.

ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನಲ್ಲಿ ವಿಭಾಳ ಮನೆಯ ಬೆನ್ನಿಗೇ ಫ್ರೀವೇ. ಮನೆಯಲ್ಲಿ ಸದ್ದು ನುಗ್ಗದ ಜಾಗ ಒಂದೇ: ಬೆಡ್‌ರೂಮಿನ ಬಟ್ಟೆಯ ಕೋಣೆ. ಅಲ್ಲಿ ಅಮ್ಮ ನಿರುಪಮಾ ತೂಗುಹಾಕಿದ ಅರವತ್ತು ಸೀರೆಗಳು ಯಾವ ಸ್ಟುಡಿಯೋದ ಗೋಡೆಗೂ ಕಡಿಮೆ ಇರಲಿಲ್ಲ.

"ಕೂತ್ಕೊಳ್ಳಲಿ, ಮಾತಾಡಲಿ. ಮೈಸೂರು ಸಿಲ್ಕಿಗೆ ಮಾತ್ರ ಯಾರೂ ಒರಗೋ ಹಾಗಿಲ್ಲ," ಎಂದರು ನಿರುಪಮಾ.

ಒಳಗೆ ಒಂಟಿಯಾಗಿ ಕೂತ ವಿರ್ಜೀಲಿಯೋ ಪೊಲೀಸರಿಗೆ ಹೇಳಿಕೆ ಕೊಡುವವರಂತೆ ಬಿಗಿದುಕೊಂಡರು. ಬೆಕ್ಕಿಗೆ ತಮ್ಮ ಭಾಷೆಯಲ್ಲಿ ಏನನ್ನುತ್ತಾರೆಂದು ಹೇಳಲೂ ಬೆವರಿದರು.

"ನಾನು ಜೊತೆಗೆ ಕೂತ್ಕೋತೀನಿ," ಎಂದರು ದ್ವಾರಕಾನಾಥ.

"ಅಪ್ಪ, ನೀನಾ? ನೋ ವೇ. ನೀನು ಸುಮ್ಮನಿರಲ್ಲ."

ಈ ಅನುಮಾನಕ್ಕೆ ಆಧಾರವಿತ್ತು. ಯಾರ ದನಿ ಬೇಕಾದರೂ ತೆಗೆಯುತ್ತಿದ್ದ ದ್ವಾರಕಾನಾಥರ ಗಂಟಲಲ್ಲಿ ಒಂದು ಊರೇ ಬಾಡಿಗೆಗಿತ್ತು. ಕಾರಿನಲ್ಲಿ ದಾರಿ ಹೇಳುವ ಹೆಂಗಸಿನ ದನಿಯಲ್ಲಿ ಹೆಂಡತಿಯನ್ನು ತಪ್ಪು ರಸ್ತೆಗೆ ಕಳಿಸಿದ್ದೂ ಉಂಟು.

"ಬಾಯಿ ಬಿಟ್ರೆ ಕೇಳು, ನಿಮ್ಮಮ್ಮನಾಣೆ."

"ನನ್ನ ಮೇಲೆ ಯಾಕ್ರೀ," ಎಂಬ ದನಿ ಅಡುಗೆಮನೆಯಿಂದ ಬಂತು.

ವಿಭಾ ಹೊರಗೆ ಕೂತು ಬಾಗಿಲ ಸಂದಿಯಿಂದ ಚಿತ್ರದ ಚೀಟಿ ತೂರಿಸಿದಳು. ಒಂದು ಬೆಕ್ಕು: ಪೂಸಾ. ಹಲವು ಬೆಕ್ಕು: ಪುಸ್‌ಪೂಸಾ. ಒಂದು ಹೂವು ಸಾಬೊಂಗ್, ಹೂಗಳು ಸಾಬ್‌ಸಾಬೊಂಗ್. ಜಾಗ್ರತೆಗೆಂದು ಪ್ರತಿಯೊಂದನ್ನೂ ಮೂರು ಸಲ ಹೇಳಲು ಕೇಳಿಕೊಂಡಿದ್ದಳು. ಆಮೇಲೆ ಹಮೀಸಿಯವರ ಸರದಿ. ಮಗು ಮ್ತೋತೋ, ಮಕ್ಕಳು ವಾತೋತೋ. ಚಾಕು ಕಿಸು, ಚಾಕುಗಳು ವಿಸು. ಮರ ಮ್ತಿ, ಮರಗಳು ಮಿತಿ.

ಹನ್ನೊಂದೂವರೆಗೆ ಮೂವರು ಗಂಡಸರೂ ಕಣ್ಣೊರೆಸಿಕೊಳ್ಳುತ್ತ ಹೊರಬಂದರು. ಸೆಕೆ ಎಂದುಕೊಂಡಳು ವಿಭಾ. ಬಿಸಿಬೇಳೆಬಾತು ಉಂಡು ಗೆಳೆಯರಿಬ್ಬರೂ ಹೊರಟರು.

ಎರಡೂವರೆಗೆ ಚಹಾದ ಹೊತ್ತಿನಲ್ಲಿ ದ್ವಾರಕಾನಾಥ ಮಗಳಿಗೆ ಪಾಠ ಒಪ್ಪಿಸುತ್ತಿದ್ದರು. "ನೋಡು, ನಾವು ಬಾಲ ಜೋಡಿಸ್ತೀವಿ, ಹೂಗಳು ಅಂತ. ಸ್ವಾಹಿಲಿಯವರು ತಲೆ ಬದಲಾಯಿಸ್ತಾರೆ. ಇಲೊಕಾನೋದವರು ಬೇಕೂಂತ್ಲೇ ತೊದಲ್ತಾರೆ. ಅದಿರ್ಲಿ, ಮರ ಜಾಸ್ತಿಯಾದ್ರೆ ಮಿತಿ ಅಂತೆ. ನಮ್ಮೂರಲ್ಲಿ ಮಿತಿ ಮೀರಿ ಕಡಿದದ್ದು ಇದಕ್ಕೇ ಇರ್ಬೇಕು."

ವಿಭಾ ಹೆಡ್‌ಫೋನು ತೆಗೆದಳು. "ಅಪ್ಪ, ಫನ್ನಿ ಏನು ಗೊತ್ತಾ? ಮೂರು ಸಲದಲ್ಲಿ ಒಂದು ಸಲ ಸೂಪರ್ ಆಗಿ ಬಂದಿದೆ. ಇಬ್ಬರದ್ದೂ ಹಾಗೇ."

ದ್ವಾರಕಾನಾಥರ ಮುಖ ಬಹುಮಾನ ಬಂದಂತೆ ಅರಳಿತು. ಅರಳಿದ್ದೇ ತಪ್ಪಾಯಿತು.

"ಅಪ್ಪ. ಅದು ಯಾರು?"

"ವಿರ್ಜೀಲಿಯೋಗೆ ಒಂದೇ ಪದ ಮೂರು ಮೂರು ಸಲ ಹೇಳೋಕೆ ಬೇಜಾರಮ್ಮ. ಕಣ್ಣು ಮಿಟುಕಿಸಿ, ಮೂರರಲ್ಲೊಂದು ನೀನೇ ಹೇಳು ಅನ್ನೋ ಹಾಗೆ ನನ್ನ ಕಡೆ ಕೈ ತೋರಿಸಿದ್ರು. ಗೆಳೆಯರು ಕೇಳಿದಾಗ ಇಲ್ಲ ಅನ್ನೋಕಾಗುತ್ತಾ? ಆಮೇಲೆ ಹಮೀಸಿಯವರೂ, ನಂಗೂ ಹಾಗೇ ಮಾಡು ಅಂದ್ರು."

"ಯಾವ್ಯಾವುದು ನಿಂದು?"

"ಒಂದ್ಸಲ ಮೊದಲು, ಒಂದ್ಸಲ ನಡುವೆ, ಒಂದ್ಸಲ ಕೊನೇಲಿ. ತಾಳ ಬದಲಾಯಿಸ್ತಾ ಇದ್ವಿ."

ಎರಡೂ ಭಾಷೆ ಸೇರಿ ಎಂಬತ್ತು ಪದಕ್ಕೆ ಇನ್ನೂರ ನಲವತ್ತು ದನಿ, ಅದರಲ್ಲಿ ಎಂಬತ್ತು ಅಪ್ಪನವು. ತೆಗೆದುಹಾಕಿದರೆ ಉಳಿದದ್ದು ಸಾಕು. ಆದರೆ ಯಾವುದನ್ನು ತೆಗೆಯುವುದು? ದ್ವಾರಕಾನಾಥರೇ ಹೆಡ್‌ಫೋನು ಹಾಕಿಕೊಂಡು ಕೇಳಿದರು. ತಮ್ಮ ದನಿ ತಮಗೇ ಸಿಗಲಿಲ್ಲ. ವಿರ್ಜೀಲಿಯೋ ಆಗಲೇ ಫೋನು ಆರಿಸಿ ವಿಮಾನದಲ್ಲಿ ಕೂತಿದ್ದರು. ಹಮೀಸಿ ಫೋನಿನಲ್ಲಿ, ಹಿಂದೆ ಮಕ್ಕಳ ಗಲಾಟೆಯ ನಡುವೆ ಕೇಳಿಸಿಕೊಂಡು, ಮೂರೂ ತಮ್ಮದೇ ಎಂದು ನಂಬಿಕೆಯಿಂದ ಹೇಳಿದರು.

ವಿಭಾ ಲ್ಯಾಪ್‌ಟಾಪಿನ ಮೇಲೆ ಹಣೆ ಇಟ್ಟಳು. "ಲ್ಯಾಬು ಹೋಯ್ತು."

ದ್ವಾರಕಾನಾಥ ಮೊದಲ ಬಾರಿಗೆ ತಮ್ಮದೇ ದನಿಯಲ್ಲಿ, ಅದೂ ಸಣ್ಣಗೆ, "ಸಾರಿ ಮಗಳೇ" ಎಂದರು.

ನಿರುಪಮಾ ಕೈ ಒರೆಸಿಕೊಂಡು ಬಂದರು. "ಎಲ್ಲಿ, ಜೋರಾಗಿ ಹಾಕು."

ಮೂರು ಪುಸ್‌ಪೂಸಾ ಕೇಳಿಸಿತು.

"ಎರಡನೇದು ಇವರು."

"ಅಮ್ಮ, ಗೆಸ್ ಮಾಡ್ಬೇಡ."

"ಗೆಸ್ ಯಾಕೆ? ಮುಂದಿನದು ಹಾಕು. ಇದರಲ್ಲಿ ಮೊದಲನೇದು."

ಶುರುವಿನಲ್ಲಿ ಬಾಗಿಲು ಅರೆ ತೆರೆದಿದ್ದಾಗ ವಿಭಾ ಪರೀಕ್ಷೆಗೆಂದು ಫೋನನ್ನು ಸಂದಿಯಲ್ಲಿಟ್ಟು ಆರು ಪದಗಳ ವೀಡಿಯೋ ಮಾಡಿ, ನೋಡುವುದನ್ನೇ ಮರೆತಿದ್ದಳು. ಈಗ ಆ ಆರನ್ನೂ ಅಮ್ಮನಿಗೆ ಕೇಳಿಸಿ, ವೀಡಿಯೋ ತೆಗೆದು ತಾಳೆ ನೋಡಿದಳು. ಸೀರೆಯ ಸೆರಗಿನ ಹಿಂದೆ ಅಪ್ಪನ ತುಟಿ ಕಾಣುತ್ತಿತ್ತು. ಆರಕ್ಕೆ ಆರೂ ಸರಿ.

"ಹೇಗೆ ಗೊತ್ತಾಗುತ್ತೆ ನಿಂಗೆ?"

"ಬೇರೆಯವರ ದನಿ ತೆಗೆಯೋ ಮುಂಚೆ ನಿಮ್ಮಪ್ಪ ಮೂಗಲ್ಲಿ ಚೂರು ಉಸಿರು ಎಳ್ಕೋತಾರೆ. ನಗು ಒಳಗಿಟ್ಕೊಳ್ಳೋಕೆ. ಮದುವೆಯಾದ ಹೊಸದರಲ್ಲಿ ನಮ್ಮಪ್ಪನ ದನೀಲಿ ಫೋನ್ ಮಾಡಿ ನನ್ನನ್ನ ಅಳಿಸಿದ್ರು. ಅವತ್ತಿಂದ ಆ ಉಸಿರು ಬಿಟ್ಟು ಬೇರೇನೂ ಕೇಳಿಸ್ಕೊಂಡಿಲ್ಲ ನಾನು."

ದ್ವಾರಕಾನಾಥ ಹೆಂಡತಿಯನ್ನು ಹೊಸದಾಗಿ ಪರಿಚಯವಾದವರಂತೆ ನೋಡಿದರು. "ಮೂವತ್ತೊಂದು ವರ್ಷ ಗೊತ್ತಿದ್ದೂ ಮೋಸಹೋದ ಹಾಗೆ ಮಾಡ್ತಿದ್ಯಾ? ದಾರಿ ತಪ್ಪಿಸಿದಾಗ್ಲೂ?"

"ಆ ದಾರೀಲಿ ಸೀರೆ ಅಂಗಡಿ ಇತ್ತಲ್ಲ."

ನಾಲ್ಕೂಕಾಲಿನವರೆಗೆ ನಿರುಪಮಾ ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ನಿರಾಳದಲ್ಲಿ, ತಮಗೆ ಒಂದಕ್ಷರವೂ ಬಾರದ ಎರಡು ಭಾಷೆಗಳಿಂದ ಗಂಡನನ್ನು ಹೆಕ್ಕಿ ತೆಗೆದರು. ಒಂದು ವಾತೋತೋದಲ್ಲಿ ಮಾತ್ರ ತಡೆದು, ಮತ್ತೊಮ್ಮೆ ಕೇಳಿ, "ಇದನ್ನ ಅಳಿಸ್ಬೇಡ, ನಂಗೆ ಕಳಿಸು. ಇದು ಚೆನ್ನಾಗಿ ಬಂದಿದೆ," ಎಂದರು.

ನಾಲ್ಕು ಐವತ್ತಕ್ಕೆ ವಿಭಾ ಎಲ್ಲವನ್ನೂ ಕಳಿಸಿದಳು, ಆದದ್ದನ್ನು ಮುಚ್ಚಿಡದೆ ಬರೆದು. ಬುಧವಾರ ಪ್ರೊಫೆಸರರ ಉತ್ತರ ಬಂತು. ಲ್ಯಾಬಿನ ಜಾಗ ಅವಳದೇ. ಬಿಡುವಾದಾಗ ತಾಯಿಯವರನ್ನೂ ಕರೆತರಬೇಕಂತೆ, ಕಿವಿ ಪರೀಕ್ಷೆಗೆ.

"ನನ್ನನ್ನ?" ಎಂದರು ದ್ವಾರಕಾನಾಥ.

ನಿರುಪಮಾ ಪತ್ರವನ್ನು ಇನ್ನೊಮ್ಮೆ ಓದಿಸಿಕೊಂಡರು. "ನಿಮ್ಮನ್ನ ಹೊರಗೆ ಕೂರಿಸ್ಬೇಕಂತೆ ಕಣ್ರೀ," ಎಂದವರೇ, ಆ ದಿನ ಯಾವ ಸೀರೆ ಉಡುವುದೆಂದು ನೋಡಲು ಒಳಗೆ ಹೋದರು.